ನಾಲ್ಕು ಮಂದಿಯ ಮುಂದೆ

ಜುಲೈ 30, 2014, ಬುಧವಾರ

ಪುಸ್ತಕ ಕೊಡುವುದು, ಪುಸ್ತಕ ವಾಪಸು ತೆಗೆದುಕೊಳ್ಳುವುದು, ಇಷ್ಟನ್ನಾದರೂ ನನಗೆ ಬಿಟ್ಟಿದ್ದಾರಲ್ಲ ಎಂದು ಸಮಾಧಾನದಲ್ಲಿದ್ದೆ. ಇಂದು ಆ ಸಮಾಧಾನವೂ ಹೋಯಿತು. ಜಪಾನಿ ಕಲಿಸುವ ಸವಿತಾ ಹೆರಿಗೆ ರಜೆಯಲ್ಲಿದ್ದಾಳೆ. ಅವಳು ಬರುವವರೆಗೆ ಏಷ್ಯಾ ಅಧ್ಯಯನ ಮತ್ತು ಭಾಷೆಗಳ ವಿಭಾಗದ ವಿದ್ಯಾರ್ಥಿಗಳನ್ನು ನಾನು ನೋಡಿಕೊಳ್ಳಬೇಕಂತೆ. ಗ್ರಂಥಪಾಲಕಿಯೇ ಏಕೆ ಎಂದು ಕೇಳಿದೆ.

"ನೀವು ಜಪಾನಿನ ಕಾದಂಬರಿ ಎಲ್ಲಾ ಓದಿದೀರಲ್ಲ ಮೇಡಂ" ಎಂದರು ಹನುಮಂತಯ್ಯ. ಇವರು ವಿಶ್ವವಿದ್ಯಾಲಯದ ಸಾರ್ವಜನಿಕ ಸಂಪರ್ಕಾಧಿಕಾರಿ.

ಎಲ್ಲವನ್ನೂ ಓದಿಲ್ಲ, ಓದಿದ್ದೂ ಅನುವಾದದಲ್ಲಿ ಎಂದೆ.

"ಯಾವುದ್ರಲ್ಲಿ ಓದಿದ್ರೇನು, ಓದಿದೀರಲ್ಲ."

ಈ ಮನುಷ್ಯನ ಜೊತೆ ಮೂರು ವಾರ ಕಳೆಯಬೇಕು. ಆಗಸ್ಟ್ 23ರ ಶನಿವಾರ ವಿಭಾಗದ ಆರು ಮಂದಿ ಸಾಧಕ ವಿದ್ಯಾರ್ಥಿಗಳಿಗೆ ಸನ್ಮಾನ. ಚೀನೀ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರು, ಕೊರಿಯನ್ ಭಾಷಣ ಸ್ಪರ್ಧೆಯಲ್ಲಿ ಗೆದ್ದ ದೀಪು, ಒಂದು ವರ್ಷದ ಓದಿಗೆ ಜಪಾನಿಗೆ ಆಯ್ಕೆಯಾದ ಮಹಾನಂದಾ ಎಂಬ ಹುಡುಗಿ. ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳಿಗೆಂದು ಪೂರ್ತಿ ಅರ್ಧ ಗಂಟೆ ಇಟ್ಟಿದ್ದಾರೆ. ನನಗೆ ಅದೇ ಹೆಚ್ಚೆನಿಸಿತು. ಓದಿದ್ದಕ್ಕೆ ಶಾಲು ಏಕೆ?

ಆಗಸ್ಟ್ 4, ಸೋಮವಾರ

ಜಪಾನಿಗೆ ಹೋಗುವ ಆ ಹುಡುಗಿ ಬಂದಿದ್ದಳು. ಎರಡು ಪುಸ್ತಕಗಳ ಅವಧಿ ಮೀರಿದೆ, ಅದರ ಬಗ್ಗೆ ಮಾತೇ ಇಲ್ಲ.

"ಮೇಡಂ, ನಮ್ಮಪ್ಪಗ ನೀವೊಂದು ಮಾತು ಮೈಕಿನಾಗ ಹೇಳ್ಬೇಕ್ರಿ."

ಮೆಲ್ಲಗೆ ಮಾತಾಡು ಎಂದೆ. ಪಿಸುಮಾತಿನಲ್ಲಿ ಹೇಳಿದ ಕಥೆ ಇದು. ಅವಳ ಅಪ್ಪ ಮರೆಪ್ಪ ನಮ್ಮ ಹೊಸ ಕಟ್ಟಡದಲ್ಲಿ ಟೈಲ್ಸ್ ಹಾಕುವ ಕೆಲಸದಲ್ಲಿದ್ದಾನೆ. ಊರು ಶಹಾಪುರದ ಕಡೆ. ಜಿಗಣಿ ರಸ್ತೆಯಲ್ಲಿ ಆಂಜಿನಪ್ಪ ಎಂಬವರ ಸಾಲುಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಇವಳಿಗೆ ಇಪ್ಪತ್ತು ತುಂಬಿದೆ. ಆದರೂ ತಂದೆಯ ಸಹಿ ಇಲ್ಲದೆ ನಮ್ಮ ವಿಶ್ವವಿದ್ಯಾಲಯದವರು ಯಾವ ಹುಡುಗಿಯನ್ನೂ ಹೊರದೇಶಕ್ಕೆ ಕಳಿಸುವುದಿಲ್ಲ. ಸಹಿ ಈ ತಿಂಗಳ ಕೊನೆಯೊಳಗೆ ಬರಬೇಕು. ಮರೆಪ್ಪ ಸಹಿ ಹಾಕಲು ಒಲ್ಲ. ಜಪಾನು ಗಿಪಾನು ಎಲ್ಲ ಏಜೆಂಟರ ಆಟ ಅನ್ನುತ್ತಾನಂತೆ.

"ಅದಕ್ಕೂ ಮೈಕಿಗೂ ಏನು ಸಂಬಂಧ?"

"ನಾಕ್ ಮಂದಿ ಮುಂದ ಮೈಕಿನಾಗ ಹೇಳಿದ್ದ ಮಾತು ಅಷ್ಟ ನಂಬ್ತಾನ್ರಿ ಅವ."

ನಾನು ಇಪ್ಪತ್ತೆರಡು ವರ್ಷಗಳಿಂದ ಗ್ರಂಥಾಲಯದಲ್ಲಿದ್ದೇನೆ. ಜನರನ್ನು ಸುಮ್ಮನಿರಿಸುವುದೇ ನನ್ನ ಕೆಲಸ. ಮೈಕು ಹಿಡಿದವಳಲ್ಲ, ಹಿಡಿಯುವವಳೂ ಅಲ್ಲ. ಆಯ್ಕೆಯ ಪತ್ರವಿದೆ, ಅದನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ, ಅಪ್ಪನನ್ನು ಕಳಿಸು ಎಂದೆ. ಅವಧಿ ಮೀರಿದ ಪುಸ್ತಕಗಳನ್ನೂ ಕಳಿಸು ಎಂದೆ.

ಆಗಸ್ಟ್ 7, ಗುರುವಾರ

ಪತ್ರದ ಅನುವಾದಕ್ಕೆ ಎರಡು ಸಂಜೆ ಹಿಡಿಯಿತು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ. ಮಧ್ಯಾಹ್ನ ಮರೆಪ್ಪ ಬಂದು ಬಾಗಿಲಲ್ಲೇ ನಿಂತ. ಒಳಗೆ ಬನ್ನಿ ಎಂದೆ.

"ಕಾಲಾಗ ಸಿಮೆಂಟ್ ಅದ್ರಿ ಅಕ್ಕೋರ. ನಾ ಹಾಕಿದ್ದ ಟೈಲ್ಸ್ ನಾನ ಹೊಲಸ ಮಾಡ್ಲೇನು?"

ಗ್ರಂಥಾಲಯದ ನೆಲವನ್ನೂ ಇವನೇ ಹಾಕಿದ್ದಂತೆ. ಪತ್ರ ಕೊಟ್ಟೆ. ನಿಂತಲ್ಲೇ ಓದಿದ, ಮೊದಲಿನಿಂದ ಕೊನೆಯವರೆಗೆ, ತುಟಿ ಅಲ್ಲಾಡಿಸುತ್ತ. ಮತ್ತೊಮ್ಮೆ ಓದಿದ.

"ಚಲೋ ಬರ್ದೀರಿ."

"ಹಾಗಾದರೆ ಸಹಿ?"

"ನಮ್ಮ ತಂಗಿ ಗಂಡಗ ಏಜೆಂಟ ಕೊಟ್ಟಿದ್ದ ಕಾಗದನೂ ಚಲೋ ಇತ್ರಿ. ಇದಕ್ಕಿಂತ ದಪ್ಪ ಇತ್ತು."

ಭಾವಮೈದುನ ದುಬೈಯ ಕಡೆ ಹೋದನಂತೆ. ಇಳಿದ ದಿನವೇ ಪಾಸ್‌ಪೋರ್ಟ್ ಕಿತ್ತುಕೊಂಡರು. ತಾಯಿ ಸತ್ತ ಸುದ್ದಿ ಮುಟ್ಟಿದರೂ ಬರಲಾಗಲಿಲ್ಲ. ಇದನ್ನು ಹೇಳುವಾಗ ಮರೆಪ್ಪ ಪತ್ರವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ನನಗೆ ವಾಪಸು ಕೊಟ್ಟ.

"ಕಾಗದದಾಗ ಯಾರ ಏನ್ ಬೇಕಾದ್ರೂ ಬರೀತಾರ್ರಿ. ಬರ್ದಾವ ಎದುರಿಗಿ ಇರಂಗಿಲ್ಲ. ನಾಕ್ ಮಂದಿ ಮುಂದ ನಿಂತು ಮೈಕಿನಾಗ ಹೇಳಿದ್ರ, ನಾಳಿಗಿ ಸುಳ್ಳಾದ್ರ ಹೋಗಿ ಕಾಲರ್ ಹಿಡೀಬಹುದು."

ನಾನು ಸೀರೆ ಉಡುತ್ತೇನೆ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ.

ಇಪ್ಪತ್ತೆರಡು ವರ್ಷ ಕಾಗದವನ್ನೇ ನಂಬಿ ಬದುಕಿದವಳ ಎದುರು ನಿಂತು ಆಡುವ ಮಾತೇ ಇದು? ಸಂಜೆಯವರೆಗೂ ಸಿಟ್ಟು ಇಳಿಯಲಿಲ್ಲ. ತಮಾಷೆಯೆಂದರೆ ಅವನು ಹೇಳಿದ್ದರಲ್ಲಿ ತಪ್ಪೇನೆಂದು ಹುಡುಕಿದೆ, ಸಿಗಲಿಲ್ಲ. ಅದಕ್ಕೂ ಸಿಟ್ಟು.

ಆಗಸ್ಟ್ 11, ಸೋಮವಾರ

ಹನುಮಂತಯ್ಯ ಸ್ವಾಗತಕ್ಕೆ ಇಬ್ಬರು ಹುಡುಗಿಯರಿಗೆ ಕಿಮೋನೋ ಹೊಲಿಸಿದ್ದಾರೆ. ಚಂದಾಪುರದ ದರ್ಜಿ, ಧರ್ಮಾವರಂ ಬಟ್ಟೆ. ಉಡಿಸಿ ಕರೆತಂದು ತೋರಿಸಿದರು. ಬಲ ಮಡಿಕೆ ಮೇಲೆ ಬಂದಿದೆ. ಎಡ ಮಡಿಕೆ ಮೇಲೆ ಬರಬೇಕು, ಬಲ ಮಡಿಕೆ ಮೇಲೆ ಹಾಕುವುದು ಹೆಣಕ್ಕೆ ಎಂದೆ.

"ಯಾರ್ ನೋಡ್ತಾರೆ ಮೇಡಂ? ಬರೋರಲ್ಲಿ ಜಪಾನಿನೋರು ಯಾರೂ ಇಲ್ವಲ್ಲ."

"ಹೆಣಕ್ಕೆ ಉಡಿಸುವ ರೀತಿ ಹನುಮಂತಯ್ಯನವರೇ."

"ಟೆನ್ಶನ್ ತಗೋಬೇಡಿ. ಫೋಟೋದಲ್ಲಿ ಚೆನ್ನಾಗ್ ಬರುತ್ತೆ."

ವೇದಿಕೆಗೆ ಇನ್ನೂ ಮೂವರು ಅತಿಥಿಗಳು ಸೇರಿದ್ದಾರೆ. ವಿದ್ಯಾರ್ಥಿಗಳ ಅರ್ಧ ಗಂಟೆ ಈಗ ಹದಿನೈದು ನಿಮಿಷ. ಅತಿಥಿಗಳ ಪೈಕಿ ಒಬ್ಬರು ಆಂಜಿನಪ್ಪ, ಮಹಾನಂದಾಳ ಮನೆ ಮಾಲೀಕರು. ವಿಶ್ವವಿದ್ಯಾಲಯದ ಜಾಗದಲ್ಲಿ ಒಂದು ಪಾಲು ಅವರ ಹೊಲವಾಗಿತ್ತಂತೆ. ಏಷ್ಯಾದ ಭಾಷೆಗಳಿಗೂ ಅವರಿಗೂ ಇರುವ ನಂಟು ಅಷ್ಟೇ.

ಆಗಸ್ಟ್ 14, ಗುರುವಾರ

ಆಹ್ವಾನ ಪತ್ರಿಕೆ ಅಚ್ಚಾಗಿ ಬಂತು. ಅತಿಥಿಗಳ ಹೆಸರು ಎರಡು ಪುಟ. ವಿದ್ಯಾರ್ಥಿಗಳ ಹೆಸರಿಲ್ಲ, 'ಸಾಧಕ ವಿದ್ಯಾರ್ಥಿಗಳು' ಎಂದಷ್ಟೇ ಇದೆ. ಸಮಯ ಹತ್ತು ನಿಮಿಷ. ದೀಪು ನೋಡಿ ನಕ್ಕ.

"ಮೇಡಂ, ಆರು ಜನಕ್ಕೂ ಸೇರಿ ಒಂದ್ ಜಮಖಾನ ಹೊದ್ಸಿಬಿಡಿ. ಟೈಮ್ ಉಳಿಯುತ್ತೆ."

ನಗು ಬಂದದ್ದನ್ನು ತಡೆದುಕೊಂಡೆ.

ಮಹಾನಂದಾ ಮತ್ತೆ ಅದೇ ಹಟ. ಗ್ರಂಥಾಲಯದ ಹೊರಗೆ, ಸೈಕಲ್ ನಿಲ್ಲಿಸುವಲ್ಲಿ ನಿಂತು ವಾದ ಮಾಡಿದೆವು.

"ಎಲ್ಲರೆದುರು ಹೇಳಿ ನಿನ್ನ ಅಪ್ಪನ ಬಾಯಿ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ."

"ಬಾಯಿ ಕಟ್ಟೋದಲ್ರಿ ಮೇಡಂ. ಅವನೇ ಹಂಗ ಹೇಳ್ರಿ ಅಂದಾನ."

"ನೀನೇ ಹೇಳು. ನಿನ್ನದೇ ದಿನ ಅದು."

"ನಾ ಹೇಳಿದ್ರ ಹೋಗಾಕಿ ಹೇಳ್ದಂಗ ಆಗ್ತದ್ರಿ. ಕಳಸೋರು ಹೇಳ್ಬೇಕಂತ."

ಕಳಿಸುವವಳು ನಾನು ಯಾವಾಗ ಆದೆ? ಕಳಿಸುತ್ತಿರುವುದು ವಿಶ್ವವಿದ್ಯಾಲಯ ಎಂದೆ. ವಿಶ್ವವಿದ್ಯಾಲಯ ಅಂದ್ರ ಯಾರ್ರಿ ಎಂದು ಕೇಳಿದಳು. ಹನುಮಂತಯ್ಯನ ಮುಖ ಕಣ್ಣ ಮುಂದೆ ಬಂತು. ಒಳಗೆ ಬಂದೆ.

ಎರಡು ಪುಸ್ತಕಗಳು ಇನ್ನೂ ಬಂದಿಲ್ಲ. ದಂಡ ಬರೆದುಕೊಳ್ಳಲು ಮರೆತೆ.

ಆಗಸ್ಟ್ 18, ಸೋಮವಾರ

ಹತ್ತು ನಿಮಿಷವೂ ಹೋಯಿತು. 'ಎಲ್ಲರ ಪರವಾಗಿ ಒಬ್ಬ ವಿದ್ಯಾರ್ಥಿಗೆ ಸಾಂಕೇತಿಕ ಸನ್ಮಾನ.' ಮುಖ್ಯ ಅತಿಥಿಗಳಿಗೆ ಮಧ್ಯಾಹ್ನ ಗಣೇಶ ಸಮಿತಿಯ ಸಭೆ ಇದೆಯಂತೆ, ಬೇಗ ಬಿಡಬೇಕಂತೆ.

ಹನುಮಂತಯ್ಯನ ಕೋಣೆಗೆ ಹೋದೆ. ಹೀಗೆ ಹೋದದ್ದು ಇದೇ ಮೊದಲು. ಆರು ಮಂದಿಯೂ ವೇದಿಕೆಗೆ ಬರಬೇಕು, ಆರು ಹೆಸರುಗಳನ್ನೂ ಓದಬೇಕು ಎಂದೆ.

"ಎಲ್ಲಿಂದ ತರ್ಲಿ ಮೇಡಂ ಟೈಮು? ನೀವೇ ಹೇಳಿ, ಯಾರನ್ನ ತೆಗೀಲಿ? ಒಬ್ರನ್ನ ತೆಗೆದ್ರೆ ಇನ್ನೊಬ್ರಿಗೆ ಬೇಜಾರು."

"ವಿದ್ಯಾರ್ಥಿಗಳಿಗೆ ಬೇಜಾರಾಗುವುದಿಲ್ಲವೇ?"

"ಅವರು ನಮ್ಮೋರಲ್ವಾ ಮೇಡಂ. ಅಡ್ಜಸ್ಟ್ ಮಾಡ್ಕೋತಾರೆ."

ಪಟ್ಟಿ ಕೇಳಿ ಪಡೆದು ನೋಡಿದೆ. ಕೊನೆಯಲ್ಲಿ ವಂದನಾರ್ಪಣೆ ಇತ್ತು, ಹೆಸರಿರಲಿಲ್ಲ. ಆ ಕೆಲಸ ಯಾರಿಗೂ ಬೇಡ. ವಂದನಾರ್ಪಣೆ ಎಂದೊಡನೆ ಜನ ಎದ್ದು ಊಟಕ್ಕೆ ನಡೆಯುತ್ತಾರೆ. ಅದನ್ನು ನಾನು ಮಾಡುತ್ತೇನೆ ಎಂದೆ. ಹನುಮಂತಯ್ಯ ನನ್ನ ಎರಡೂ ಕೈ ಹಿಡಿದುಕೊಳ್ಳುವುದೊಂದು ಬಾಕಿ.

ಮಹಾನಂದಾಳಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಎರಡು ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟು ಹೋದಳು.

ಆಗಸ್ಟ್ 20, ಬುಧವಾರ

ಸಂಜೆ ಮನೆಯಲ್ಲಿ ವಂದನಾರ್ಪಣೆಯನ್ನು ಗಟ್ಟಿಯಾಗಿ ಓದಿ ನೋಡಿದೆ. ಕೆಳಗಿನ ಮನೆಯ ಪಿಳ್ಳಮ್ಮ ಮೆಟ್ಟಿಲು ಹತ್ತಿ ಬಂದು, "ಯಾರಾದ್ರೂ ಬಂದವ್ರಾ ಮೇಡಂ? ಮಾತು ಕೇಳ್ತಿತ್ತು" ಎಂದರು. ಯಾರೂ ಇಲ್ಲ, ನಾನೇ ಎಂದೆ. ನಂಬಿದಂತೆ ಕಾಣಲಿಲ್ಲ. ಒಳಗೆ ಇಣುಕಿಯೇ ಹೋದರು.

ಓದುತ್ತಿದ್ದ ಕಾದಂಬರಿ ಐದು ದಿನಗಳಿಂದ ಅದೇ ಪುಟದಲ್ಲಿದೆ.

ಆಗಸ್ಟ್ 22, ಶುಕ್ರವಾರ

ವೇದಿಕೆಯಲ್ಲಿ ಈಗ ಹನ್ನೊಂದು ಕುರ್ಚಿ. ಎಲ್ಲರಿಗೂ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ವಿದ್ಯಾರ್ಥಿಗಳಿಗೆ ಶಾಲು ಸಾಲುವುದಿಲ್ಲವಂತೆ. ಬರೆಯಲೂ ಬೇಸರ.

ಆಗಸ್ಟ್ 23, ಶನಿವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಸಭಾಂಗಣದಲ್ಲಿ ಆರು ವಿದ್ಯಾರ್ಥಿಗಳು, ಅವರ ಮನೆಯವರು, ಹೆಣಕ್ಕೆ ಉಡಿಸಿದಂತೆ ಕಿಮೋನೋ ಉಟ್ಟ ಇಬ್ಬರು ಹುಡುಗಿಯರು. ಉಳಿದದ್ದೆಲ್ಲ ಖಾಲಿ. ಶನಿವಾರ ಯಾವ ವಿದ್ಯಾರ್ಥಿ ಬರುತ್ತಾನೆ? ಮುಖ್ಯ ಅತಿಥಿಗಳು ಖಾಲಿ ಕುರ್ಚಿ ನೋಡಿದರೆ ಕಥೆ ಮುಗಿಯಿತು ಎಂದು ಹನುಮಂತಯ್ಯ ಓಡಾಡಿದರು. ಕೊನೆಗೆ ಹೊಸ ಕಟ್ಟಡಕ್ಕೆ ಹೇಳಿಕಳಿಸಿ ಅಲ್ಲಿನ ಕೆಲಸಗಾರರನ್ನೆಲ್ಲ ಕರೆಸಿದರು. "ಹೆಲ್ಮೆಟ್ ತೆಗೆದು ಬನ್ನಿ, ಕೈಕಾಲು ತೊಳ್ಕೊಂಡು ಬನ್ನಿ, ಹೇಳೋವರ್ಗೂ ಯಾರೂ ಏಳ್ಬೇಡಿ." ಸಭಾಂಗಣ ತುಂಬಿತು. ಮರೆಪ್ಪ ಬಿಳಿ ಅಂಗಿ ತೊಟ್ಟು ಹೆಂಡತಿ ಸಿದ್ದಕ್ಕನ ಜೊತೆ ಮೂರನೆಯ ಸಾಲಿನಲ್ಲಿ ಕೂತಿದ್ದ. ಹಿಂದಿನಿಂದ ಅವನ ಜೊತೆಗಾರರು ಕೂಗುತ್ತಿದ್ದರು: "ಏನಲೇ ಮರೆಪ್ಪ, ಇವತ್ತ ಮದುಮಗ ಆಗೀ?"

ಮುಖ್ಯ ಅತಿಥಿಗಳು ಬಂದಾಗ ಹನ್ನೆರಡೂವರೆ. ಹನ್ನೊಂದು ಪೇಟ, ಹನ್ನೊಂದು ಶಾಲು. ಪ್ರತಿಯೊಬ್ಬರೂ ಒಂದೆರಡು ಮಾತು ಎಂದು ಶುರು ಮಾಡಿದರು. ಒಬ್ಬರು ಜಪಾನನ್ನು ಹೊಗಳುತ್ತ ಚೀನಾದ ಗೋಡೆಯನ್ನು ಅಲ್ಲಿಗೆ ಸಾಗಿಸಿದರು. ಕೇಳುವಂತಿದ್ದದ್ದು ಆಂಜಿನಪ್ಪ ಒಬ್ಬರ ಮಾತು: "ಈ ಮೀಟಿಂಗ್ ಆಲ್ ಇರೋ ಜಾಗ್ದಾಗೆ ನಮ್ಮಪ್ಪ ಅವರೆಕಾಯಿ ಬೆಳೀತಿದ್ದ. ಈಗ ಐಕ್ಳು ಬಾಸೆ ಬೆಳೀತಾವೆ. ಎರಡೂ ಒಳ್ಳೇದೇಯ." ಇಷ್ಟೇ ಹೇಳಿ ಕೂತರು.

ಆಮೇಲೆ, ಒಬ್ಬರಿಗೇ ಎಂದಿದ್ದವರು ಫೋಟೋ ತುಂಬಲೆಂದೋ ಏನೋ, ಆರು ಮಂದಿಯನ್ನೂ ಒಟ್ಟಿಗೆ ವೇದಿಕೆಗೆ ಕರೆದರು. ಹೆಸರು ಓದಲಿಲ್ಲ. ಮುಖ್ಯ ಅತಿಥಿಗಳು ಕೈಗೆ ಸಿಕ್ಕ ಪ್ರಮಾಣಪತ್ರವನ್ನು ಎದುರಿಗೆ ಸಿಕ್ಕವರಿಗೆ ಕೊಟ್ಟರು. "ಆಮೇಲೆ ಬದಲಾಯಿಸ್ಕೊಳ್ಳಿ, ಈ ಕಡೆ ನೋಡಿ" ಎಂದರು ಹನುಮಂತಯ್ಯ. ಫೋಟೋ. ಇಳಿದರು. ಕೆಳಗೆ ನಿಂತು ಮಹಾನಂದಾ ದೀಪುವಿನ ಪ್ರಮಾಣಪತ್ರವನ್ನು ಅವನಿಗೆ ಕೊಟ್ಟು ತನ್ನದನ್ನು ಹುಡುಕುತ್ತಿದ್ದಳು. ಮೂರನೆಯ ಸಾಲಿನ ಕಡೆ ತಿರುಗಿ ನೋಡಲಿಲ್ಲ.

ವಂದನಾರ್ಪಣೆ. ನಾನು ಮೈಕಿನ ಎದುರು ನಿಂತು "ಎಲ್ಲರಿಗೂ" ಎನ್ನುವಷ್ಟರಲ್ಲಿ ವೇದಿಕೆಯ ಹನ್ನೊಂದು ಜನರೂ ಎದ್ದರು. ಅವರ ಹಿಂದೆ, ಅವರ ಜೊತೆ ಬಂದವರು ಕೂತಿದ್ದ ಮುಂದಿನ ಎರಡು ಸಾಲು ಎದ್ದಿತು. ಹನುಮಂತಯ್ಯ ಅವರನ್ನೆಲ್ಲ ಊಟದ ಕಡೆ ನಡೆಸಿಕೊಂಡು ಹೋದರು. ಧ್ವನಿವರ್ಧಕದವನು ಬಂದು ನನ್ನ ಮುಂದಿನ ಮೈಕನ್ನು ಸ್ಟ್ಯಾಂಡಿನಿಂದ ತೆಗೆದ.

"ನನ್ನ ಮಾತು ಮುಗಿದಿಲ್ಲ" ಎಂದೆ.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ, ಅತ್ತಿಬೆಲೆಲಿ ಆರತಕ್ಷತೆ ಆರ್ಡರ್ ಇದೆ." ತಂತಿ ಸುತ್ತಿಕೊಂಡು ಹೋಗಿಯೇಬಿಟ್ಟ.

"ದಯವಿಟ್ಟು ಯಾರೂ ಏಳಬೇಡಿ" ಎಂದೆ. ಏಳುವವರೆಲ್ಲ ಆಗಲೇ ಹೋಗಿದ್ದರು. ಉಳಿದಿದ್ದವರು ವಿದ್ಯಾರ್ಥಿಗಳು, ಅವರ ಮನೆಯವರು ಮತ್ತು ಕೆಲಸಗಾರರು. ಕೆಲಸಗಾರರಿಗೆ ಏಳಿ ಎಂದು ಯಾರೂ ಹೇಳಿರಲಿಲ್ಲ.

ಮರೆಪ್ಪ ಕೂತಲ್ಲಿಂದಲೇ ಕೇಳಿದ: "ಮೈಕ್ ಎಲ್ರಿ ಅಕ್ಕೋರ?"

"ತೆಗೆದುಕೊಂಡು ಹೋದರು."

"ಹಂಗಾದ್ರ ಜೋರ ಹೇಳ್ರಿ. ಹಿಂದ ಇರಣ್ಣ ಕುಂತಾನ, ಅವಗ ಒಂದು ಕಿವಿ ಕೇಳ್ಸಂಗಿಲ್ಲ."

"ನಂಗ ಎರಡೂ ಕೇಳ್ಸ್ತಾವಲೇ" ಎಂದಿತು ಹಿಂದಿನಿಂದ ಒಂದು ಧ್ವನಿ. "ನೀ ಸುಮ್ಮ ಕುಂದ್ರು, ಅಕ್ಕೋರು ಹೇಳ್ಲಿ."

ವೇದಿಕೆಯಿಂದ ಇಳಿದು ಅವರ ಮುಂದೆ ನಿಂತೆ. ಬರೆದು ತಂದದ್ದರಲ್ಲಿ ಅತಿಥಿಗಳಿಗೆ ಕೃತಜ್ಞತೆಗಳಿದ್ದವು, ಅತಿಥಿಗಳಿರಲಿಲ್ಲ. ಅದನ್ನು ಬಿಟ್ಟೆ. ಆರು ಮಂದಿಯನ್ನೂ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದೆ. ಯಾವ ಭಾಷೆ, ಎಷ್ಟು ವರ್ಷ ಕಲಿತರು, ಏನು ಗೆದ್ದರು ಎಂದು ಹೇಳಿದೆ. ಪ್ರತಿಯೊಬ್ಬರಿಗೂ ಚಪ್ಪಾಳೆ ಬಿತ್ತು, ಕೆಲವರಿಗೆ ಶಿಳ್ಳೆಯೂ ಬಿತ್ತು. ದೀಪು ಸೊಂಟದವರೆಗೆ ಬಗ್ಗಿ ಕೊರಿಯನ್ನರಂತೆ ವಂದಿಸಿದ. "ಏನ್ ಕಳಕೊಂಡಾನಲೇ ಅವ, ನೆಲ ನೋಡ್ಲತ್ತಾನ?" ಎಂದು ಯಾರೋ ಕೇಳಿದರು. ಅವನೂ ನಕ್ಕ.

ಕೊನೆಗೆ ಮಹಾನಂದಾ. ಸೆಪ್ಟೆಂಬರ್ ಕೊನೆಯ ವಾರ ಹೊರಡುತ್ತಾಳೆ, ಜಪಾನಿನ ಉತ್ತರಕ್ಕಿರುವ ಅಕಿತಾ ಎಂಬ ಸೀಮೆಗೆ, ಒಂದು ವರ್ಷ, ಖರ್ಚೆಲ್ಲ ಅಲ್ಲಿಯ ವಿಶ್ವವಿದ್ಯಾಲಯದ್ದು. ನಮ್ಮ ವಿಭಾಗದಿಂದ ಹೀಗೆ ಹೋಗುತ್ತಿರುವ ಮೊದಲ ವಿದ್ಯಾರ್ಥಿನಿ ಎಂದೆ. ಚಪ್ಪಾಳೆ ಬರಲಿಲ್ಲ. ಎಲ್ಲರೂ ಮರೆಪ್ಪನ ಕಡೆ ನೋಡುತ್ತಿದ್ದರು.

ಮೊದಲು ಕೇಳಿದವರು ಸಿದ್ದಕ್ಕ: "ಎಲ್ಲಿ ಮಲಗ್ತಾಳ್ರಿ?"

"ಹುಡುಗಿಯರ ಹಾಸ್ಟೆಲ್‌ನಲ್ಲಿ. ಒಂದು ಕೋಣೆಗೆ ಇಬ್ಬರು."

ಇರಣ್ಣ ಹಿಂದಿನಿಂದ ಎದ್ದು ನಿಂತ. "ಪಾಸ್‌ಪೋರ್ಟ್ ಯಾರ ಹಂತ್ಯಾಕ ಇರ್ತದ್ರಿ?"

"ಅವಳ ಹತ್ತಿರವೇ. ಬೇರೆ ಯಾರೂ ಇಟ್ಟುಕೊಳ್ಳುವಂತಿಲ್ಲ."

"ತಿರುಗಿ ಬರೋ ಟಿಕೀಟು?"

"ಹೋಗುವಾಗಲೇ ಕೊಡುತ್ತಾರೆ."

ಆಗ ಮರೆಪ್ಪ ಎದ್ದ. "ಬರ್ಲಿಲ್ಲಂದ್ರ ಯಾರಿಗಿ ಕೇಳ್ಲಿ?"

ಈ ಪ್ರಶ್ನೆಗೆ ಪತ್ರದಲ್ಲಿ ಉತ್ತರವಿಲ್ಲ. "ನನ್ನನ್ನು ಕೇಳಿ" ಎಂದೆ.

"ಎಲ್ಲಿ ಸಿಗ್ತೀರಿ?"

"ಗ್ರಂಥಾಲಯದಲ್ಲಿ. ಒಂಬತ್ತರಿಂದ ಐದು."

"ಆ ಜಪಾನಿನಾಗ ಥಂಡಿ ಭಾಳಂತಲ್ರಿ."

ಹೌದು ಎಂದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಿಮ ಆಳೆತ್ತರ ಬೀಳುತ್ತದೆ, ಕೆಳಗಿನ ಬಾಗಿಲು ಮುಚ್ಚಿಹೋದರೆ ಮೇಲಿನ ಕಿಟಕಿಯಿಂದ ಓಡಾಡುತ್ತಾರೆ, ಮಾಡು ಮುರಿಯದಂತೆ ಸಲಿಕೆಯಲ್ಲಿ ಹಿಮ ಎಳೆದು ಹಾಕುತ್ತಾರೆ, ಮೇಜಿನ ಕೆಳಗೆ ಕೆಂಡವಿಟ್ಟು ಮೇಲೆ ರಜಾಯಿ ಹೊದಿಸಿ ಮನೆಯವರೆಲ್ಲ ಅದರೊಳಗೆ ಕಾಲು ಚಾಚಿ ಕೂರುತ್ತಾರೆ, ಕಿತ್ತಳೆ ಸುಲಿದು ತಿನ್ನುತ್ತ ಮಾತಾಡುತ್ತಾರೆ. ಎಷ್ಟೋ ಹೇಳಿದೆ. ಎಲ್ಲರೂ ಕೇಳುತ್ತಿದ್ದರು.

"ನೀವು ಎಷ್ಟ್ ಸಲ ಹೋಗಿ ಬಂದೀರ್ರಿ ಅಲ್ಲಿಗಿ?" ಎಂದ ಮರೆಪ್ಪ.

"ಒಂದು ಸಲವೂ ಹೋಗಿಲ್ಲ."

"ಮತ್ತ ಇದೆಲ್ಲ ಹೆಂಗ ಗೊತ್ತು?"

"ಓದಿದ್ದೇನೆ."

"ಕಾಗದದಾಗ?"

ಸಭಾಂಗಣವಿಡೀ ನಕ್ಕಿತು. ಸಿದ್ದಕ್ಕ ಸೆರಗು ಬಾಯಿಗೆ ಹಿಡಿದರು. ಮಹಾನಂದಾ ಒಬ್ಬಳು ನಗಲಿಲ್ಲ. ನನಗೆ ಕಿವಿಯವರೆಗೆ ಬಿಸಿಯಾಯಿತು.

"ಹೌದು" ಎಂದೆ. "ಕಾಗದದಲ್ಲೇ."

ಮರೆಪ್ಪ ನಗು ಇಳಿಯುವವರೆಗೆ ಕಾದ. ಆಮೇಲೆ ನನಗಲ್ಲ, ಹಿಂದೆ ಕೂತವರಿಗೆಲ್ಲ ಕೇಳುವಂತೆ ಹೇಳಿದ:

"ಹಂಗಾದ್ರ ಇಕಿ ಹೋಗಿ ನೋಡಿ ಬರ್ಲಿ ಅಕ್ಕೋರ. ನೀವು ಓದಿದ್ದರಾಗ ಖರೆ ಎಷ್ಟು, ಸುಳ್ಳ ಎಷ್ಟು, ಬಂದು ನಿಮಗ ಹೇಳ್ತಾಳ."

ಚಪ್ಪಾಳೆ ಆಗ ಬಿತ್ತು. ಮಹಾನಂದಾ ಕೈಯಲ್ಲಿದ್ದ ಪ್ರಮಾಣಪತ್ರವನ್ನು ಮುಖಕ್ಕೆ ಹಿಡಿದುಕೊಂಡಳು. ಅದು ಅವಳದ್ದಾಗಿರಲಿಲ್ಲ, ಚೀನೀ ಕಲಿಯುವ ಹುಡುಗನದ್ದು.

ಊಟದ ಜಾಗಕ್ಕೆ ಹೋದರೆ ಪಾತ್ರೆಗಳನ್ನು ಗಾಡಿಗೆ ಏರಿಸುತ್ತಿದ್ದರು. ಬೆಳಗಿನಿಂದ ಕೂರಿಸಿಕೊಂಡವರಿಗೆ ಊಟವಿಲ್ಲ ಎಂದರೆ ಏನರ್ಥ ಎಂದು ಹನುಮಂತಯ್ಯನವರನ್ನು ಕೇಳಿದೆ. ದೂರದಲ್ಲಿ ನಿಂತಿದ್ದ ಆಂಜಿನಪ್ಪ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಯಾಕವ್ವಾ ಅಂಗೆ ಕೂಗ್ತೀಯಾ, ಇಳಿಸ್ತಾರೆ ಇರು" ಎಂದರು. ನಾನು ಕೂಗಿರಲಿಲ್ಲ. ಪಾತ್ರೆ ಇಳಿಸಿದರು. ಪಲಾವು ಮುಗಿದಿತ್ತು, ಮೊಸರನ್ನ ಎಲ್ಲರಿಗೂ ಸಾಕಾಯಿತು.

ಗಂಟಲು ಕಟ್ಟಿದೆ. ಉಪ್ಪುನೀರು ಮುಕ್ಕಳಿಸಬೇಕು.

ಆಗಸ್ಟ್ 26, ಮಂಗಳವಾರ

ಹನುಮಂತಯ್ಯ ಫೋಟೋಗಳನ್ನು ಕಳಿಸಿದ್ದಾರೆ. ಒಂದರಲ್ಲೂ ವಿದ್ಯಾರ್ಥಿಗಳ ಮುಖ ಪೂರ್ತಿ ಇಲ್ಲ. ಪೇಟಗಳು ಚೆನ್ನಾಗಿ ಬಂದಿವೆ. ಮುಂದಿನ ವರ್ಷ ವೇದಿಕೆಗೆ ವಿದ್ಯಾರ್ಥಿಗಳ ಹೊರತು ಯಾರೂ ಬೇಡ ಎಂದು ಬರೆದು ಕಳಿಸಿದೆ. ಮುಂದಿನ ವರ್ಷ ಈ ಕೆಲಸ ಸವಿತಾಳದ್ದು, ನನ್ನದಲ್ಲ. ಆದರೂ ಕಳಿಸಿದೆ.

ಮಧ್ಯಾಹ್ನ ಮರೆಪ್ಪ, ಸಿದ್ದಕ್ಕ ಬಂದಿದ್ದರು. ಮರೆಪ್ಪ ಇಂದು ಕಾಲು ತೊಳೆದುಕೊಂಡು ಒಳಗೆ ಬಂದ. ಎಲ್ಲಿ ಸಹಿ ಎಂದು ಕೇಳಿದ, ಹಾಕಿದ. ಸಿದ್ದಕ್ಕ ಕಪಾಟುಗಳನ್ನು ನೋಡುತ್ತ ನಿಂತಿದ್ದರು. ಹೊರಡುವಾಗ ಕೇಳಿದರು:

"ಅಲ್ಲಿ ಜ್ವಾಳ ಸಿಗ್ತದೇನ್ರಿ ಅಕ್ಕೋರ?"

"ಗೊತ್ತಿಲ್ಲ" ಎಂದೆ. "ಹೋದ ಮೇಲೆ ಮಹಾನಂದಾ ಹೇಳುತ್ತಾಳೆ, ಕೇಳೋಣ."